ಕಡವೆ ಎನಿಸಿಕೊಂಡ ಕಂಬಳಿ

ನಾನು ಒಂದು ಕಂಬಳಿ. ಹದಿನಾಲ್ಕು ಕುರಿಗಳ ಬೆನ್ನ ಮೇಲೆ ಒಂದು ಮಳೆಗಾಲ, ಒಂದು ಚಳಿಗಾಲ ಬೆಳೆದು, ಆಮೇಲೆ ಮಾಳಿಂಗಯ್ಯನೆಂಬ ಮುದುಕನ ಮಗ್ಗದಲ್ಲಿ ಒಂದಾದೆ. ಅವನ ಸೊಸೆ ನೂಲು ತೆಗೆದಳು, ಅವನು ನೇಯ್ದ. ನೇಯ್ದಾದ ಮೇಲೆ ಹುಣಸೆಬೀಜದ ಗಂಜಿ ಬಳಿದು, ಬಿಸಿಲಿನಲ್ಲಿ ಚಾಚಿ ಕಟ್ಟಿ, ಮೈಯೆಲ್ಲ ಉಜ್ಜಿದ. ಕಪ್ಪು ಉಣ್ಣೆ ಸಾಲದೆ ಬಂದಾಗ ಒಂದು ಕಂದು ಕುರಿಯದ್ದನ್ನೂ ಬೆರೆಸಿದ್ದ. ಅದಕ್ಕೇ ನಾನು ನೆರಳಿನಲ್ಲಿ ಕಪ್ಪು, ಬಿಸಿಲಿನಲ್ಲಿ ಕಂದು. ಈ ಬಣ್ಣವೊಂದು ಮುಂದೆ ಯಾರ ಸುಳ್ಳಿಗೋ ಅನುಕೂಲವಾಗುತ್ತದೆ ಎಂದು ಆ ಮುದುಕನಿಗೆ ಹೇಗೆ ಗೊತ್ತಾಗಬೇಕು?

ಸಂತೆಯಲ್ಲಿ ನನ್ನನ್ನು ಕೊಂಡವಳು ಹುಲ್ಲೇಮಾಳದ ಕೆಂಪಾಜಮ್ಮ. ಮೂವತ್ತರ ಹೆಂಗಸು, ಗಟ್ಟಿ ದನಿ, ಅದಕ್ಕಿಂತ ಗಟ್ಟಿ ನೋಟ. ಬಾಯಿಮಾತಿಗೆ ಸೋಲುವವಳಲ್ಲ. ನನ್ನ ನಾಲ್ಕು ಮೂಲೆಯನ್ನು ನಾಲ್ಕು ಜನರ ಕೈಗೆ ಹಿಡಿಸಿ, ನಡುವೆ ಒಂದು ಚೊಂಬು ನೀರು ಹುಯ್ದು, ಕೆಳಗೆ ಬಗ್ಗಿ ಕೂತು ನೋಡಿದಳು. ಒಂದು ಹನಿಯೂ ಇಳಿಯಲಿಲ್ಲ.

“ಇದು ಕಂಬ್ಳಿ ಅಂದ್ರೆ. ನಮ್ಮೋರು ಕಾಡಲ್ಲೇ ಅರ್ಧ ಬದುಕು ಕಳಿತಾರೆ ಕಣಪ್ಪ. ನೆಂದ್ಕಂಡು ಬಂದ್ರೆ ಕೆಮ್ಮು ಕೇಳೋಳು ನಾನಲ್ವಾ?” ಎಂದಳು.

‘ನಮ್ಮೋರು’ ಅಂದರೆ ಅವಳ ಗಂಡ ಕೆಂಡಗಣ್ಣ. ಊರಿನ ಅಂಚಿಗೆ ಅವರ ಗುಡಿಸಲು, ಅದರ ಬೆನ್ನಿಗೇ ಕಾಡು. ಗೊರಸಿನ ಗುರುತು ನೋಡಿ, ಇದು ಕಡವೆ, ಇದು ಗಂಡು, ಇದು ಕುಂಟುತ್ತಿದೆ, ಇದು ನೀರು ಕುಡಿದು ಅರ್ಧ ಗಳಿಗೆಯಾಯಿತು ಎಂದು ಹೇಳಬಲ್ಲವನು. ಬೇಟೆಗೆ ಸರ್ಕಾರ ಇನ್ನೂ ಪರವಾನಗಿ ಕೊಡುತ್ತಿದ್ದ ಕಾಲ ಅದು. ಪೇಟೆಯಿಂದ ಬರುವ ಬೇಟೆಗಾರರಿಗೆ ಜಾಡು ತೋರಿಸುವುದು ಅವನ ಕೆಲಸ.

ಮಾತು ಕಡಿಮೆ ಅವನದ್ದು. ಮಳೆ ಬಂದರೆ ನನ್ನನ್ನು ಕೊಪ್ಪೆ ಮಾಡಿ ತಲೆಯಿಂದ ಇಳಿಬಿಡುತ್ತಿದ್ದ. ಬಂಡೆ ಕಂಡರೆ ಹಾಸಿ ಕೂರುತ್ತಿದ್ದ. ಜೇನು ಕಿತ್ತರೆ ನನ್ನ ಮೂಲೆಗೆ ಕೈ ಒರೆಸುತ್ತಿದ್ದ, ಮನೆಗೆ ಬಂದ ಮೇಲೆ ಅದಕ್ಕೆ ಬೈಸಿಕೊಳ್ಳುತ್ತಿದ್ದ. ಗಂಡಹೆಂಡಿರು ಇಬ್ಬರಿಗೂ ಹೊದೆಯಲು ನಾನೊಬ್ಬನೇ. ಅವಳು ತನ್ನ ಕಡೆಗೆ ಎಳೆದುಕೊಳ್ಳುವಳು, ಅವನು ಬಿಟ್ಟುಕೊಡುವನು. ಆರು ವರ್ಷ ಹಾಗೆ ಕಳೆಯಿತು. ನನ್ನ ಬದುಕಿನ ಒಳ್ಳೆಯ ಕಾಲ ಇಷ್ಟೇ. ಅದನ್ನು ಉದ್ದ ಮಾಡಿ ಹೇಳಲು ನನಗೆ ಬರುವುದಿಲ್ಲ.

ಆ ಸೀಮೆಯಲ್ಲಿ ಕಾಂತರಾಜಯ್ಯನೆಂಬ ಮರದ ಕಂತ್ರಾಟುದಾರನಿದ್ದ. ಎತ್ತರದ ಆಳು, ಇಸ್ತ್ರಿ ಮುರಿಯದ ಬಟ್ಟೆ, ಹೆಗಲಿಗೆ ಸದಾ ಕೋವಿ. ಊರಿನ ಅರ್ಧ ಜನ ಅವನ ಡಿಪೋದಲ್ಲೇ ಮರ ಕೊಯ್ಯುತ್ತಿದ್ದರು. ಅವನು ಸಿಟ್ಟಿಗೆದ್ದರೆ ಆ ದಿನ ಯಾರದಾದರೂ ಕೂಲಿ ತಪ್ಪುತ್ತಿತ್ತು. ಒಂದು ಚಳಿಗಾಲ ಅವನು ಮೈಸೂರಿನಿಂದ ಒಬ್ಬ ದೊಡ್ಡ ಸಾಹೇಬರನ್ನು ಕರೆದುಕೊಂಡು ಬಂದ. ಅವರ ಒಂದು ಸಹಿಯಿಂದ ಇನ್ನೊಂದು ಕಾಡು ಅವನ ಕೊಡಲಿಗೆ ಸಿಗುವುದಿತ್ತು. ಸಾಹೇಬರಿಗೆ ಕೊಂಬಿನ ಕಡವೆ ಬೇಕಿತ್ತು.

“ಗಂಡೇ ತೋರಿಸ್ತೀನಿ ಬುದ್ಧಿ. ಆದ್ರೆ ಹೆಣ್ಣು ಬಂದ್ರೆ ಬುಟ್ಬುಡಿ. ಈಗ ಮರಿ ಜೊತ್ಗಿರ್ತವೆ,” ಎಂದ ಕೆಂಡಗಣ್ಣ.

“ನನಗೆ ಕಾನೂನು ಹೇಳ್ತೀಯಾ?” ಎಂದು ಕಾಂತರಾಜಯ್ಯ ನಕ್ಕ. ಹೆಣ್ಣನ್ನು ಹೊಡೆಯಲು ಪರವಾನಗಿಯೇ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಬೆಳಗಿನಿಂದ ಸಂಜೆಯವರೆಗೆ ಕಾಡು ಸೋಸಿದರೂ ಗಂಡು ಕಡವೆ ಸಿಗಲಿಲ್ಲ. ಹೊತ್ತು ಇಳಿಯುತ್ತಿತ್ತು. ಹಳ್ಳದ ಮೇಲಿನ ಬಂಡೆಯ ಮೇಲೆ ಕಾಂತರಾಜಯ್ಯ, ಸಾಹೇಬರು, ಅವರ ಹಿಂದೆ ನೀರಿನ ಕೂಜ ಹಿಡಿದ ಗುಮಾಸ್ತ ಶಿಂಗ್ರಯ್ಯ. ನಲವತ್ತು ಮಾರು ಕೆಳಗೆ, ಹಳ್ಳದ ಬಾಯಲ್ಲಿ, ಕೆಂಡಗಣ್ಣ ಮತ್ತು ನಾನು. ತಮಟೆ ಹಿಡಿದು ಮೃಗ ಎಬ್ಬಿಸುವವರು ಇನ್ನೂ ದೂರದ ತಿರುವಿನಾಚೆ ಇದ್ದರು.

ಆಗ ಪೊದೆ ಅಲುಗಿತು. ಹೊರಗೆ ಬಂದದ್ದು ಹೆಣ್ಣು ಕಡವೆ. ಅದರ ಹೊಟ್ಟೆಗೆ ಒತ್ತಿಕೊಂಡು ಒಂದು ಮರಿ. ತಮಟೆಯ ಸದ್ದಿಗೆ ಹೆದರಿ ಎತ್ತ ಹೋಗಬೇಕೆಂದು ತಿಳಿಯದೆ ಎರಡೂ ಬಯಲಲ್ಲೇ ನಿಂತವು. ಸಾಹೇಬರು ಕೋವಿ ಎತ್ತಲಿಲ್ಲ. ಎತ್ತಿದವನು ಕಾಂತರಾಜಯ್ಯ. ಬರಿಗೈಯಲ್ಲಿ ಡಿಪೋಗೆ ಮರಳುವುದು ಅವನಿಗೆ ಬೇಕಿರಲಿಲ್ಲ.

ಕೆಂಡಗಣ್ಣ ಅದನ್ನು ನೋಡಿದ. ಹೆಗಲಿನಿಂದ ನನ್ನನ್ನು ಸರಕ್ಕನೆ ಎಳೆದು, ಬಲಗೈಯಲ್ಲಿ ಹಿಡಿದು, ಬಯಲಿಗೆ ನುಗ್ಗಿ ಗಾಳಿಯಲ್ಲಿ ಬೀಸಿದ.

“ಓಡವ್ವ! ಓಡು! ಮರಿ ಕರ್ಕೊಂಡ್ ಓಡು!”

ಕಡವೆ ಒಂದೇ ನೆಗೆತಕ್ಕೆ ಹಳ್ಳ ದಾಟಿತು. ಹಿಂದೆಯೇ ಮರಿ. ಬಂಡೆಯ ಮೇಲೆ ಸಾಹೇಬರು ಜೋರಾಗಿ ನಕ್ಕರು. “ಏನ್ರಿ ಕಾಂತರಾಜಯ್ಯ, ನಿಮ್ಮ ಆಳೇ ನಿಮ್ಮ ಮಾತು ಕೇಳಲ್ಲವಲ್ರಿ!”

ಆ ನಗು ಹಳ್ಳದ ತುಂಬ ಕೇಳಿಸಿತು. ಕೆಂಡಗಣ್ಣನೂ ಮೇಲೆ ನೋಡಿ, ತಪ್ಪಾಯಿತು ಎನ್ನುವಂತೆ ಹಲ್ಲು ಬಿಟ್ಟ. ಇನ್ನೂ ನನ್ನನ್ನು ಮೈಗೆ ಹಾಕಿಕೊಂಡಿರಲಿಲ್ಲ. ಪಕ್ಕಕ್ಕೆ ಚಾಚಿದ ಕೈಯಲ್ಲಿ ನೇತಾಡುತ್ತಿದ್ದೆ. ಕೋವಿಯ ಮೂತಿ ಕಡವೆ ಹೋದ ಕಡೆಯಿಂದ ನಿಧಾನವಾಗಿ ಇತ್ತ ತಿರುಗಿದ್ದನ್ನು ನಾನು ನೋಡಿದೆ. ಅದು ನಿಂತಿತು. ಗುರಿ ಹಿಡಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತಿತು. ಆಮೇಲೆ ಗುಂಡು ಹಾರಿತು.

ಕೆಂಡಗಣ್ಣ ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ.

ತಮಟೆಯವರು ಬರುವಷ್ಟರಲ್ಲಿ ಕಾಂತರಾಜಯ್ಯ ಕೆಳಗಿಳಿದು, ನನ್ನನ್ನು ಅವನ ಮೈಗೆ ಸುತ್ತಿ, ತಲೆಯವರೆಗೆ ಎಳೆದಿದ್ದ. “ಕಡವೆ ಅಂದ್ಕೊಂಡೆ ಕಣ್ರೋ! ಈ ಕಂಬಳಿ ಹೊದ್ದು ಪೊದೆಯಲ್ಲಿ ಬಗ್ಗಿದ್ದ. ಅಯ್ಯೋ, ಕಡವೆ ಅಂದ್ಕೊಂಡೆ!” ಎಂದು ಎದೆ ಬಡಿದುಕೊಂಡ. ಕೆಂಡಗಣ್ಣನ ರಕ್ತ ನನ್ನ ಒಳಮೈಗೆ ಹತ್ತಿತು. ಒಂದು ಹನಿ ನೀರನ್ನೂ ಒಳಗೆ ಬಿಡದ ನನ್ನ ಮೈ ಅದನ್ನು ಮಾತ್ರ ಹೀರಿಕೊಂಡಿತು.

ಮರುದಿನ ಡಿಪೋದ ಜಗಲಿಯಲ್ಲಿ ಮಹಜರು ಬರೆದರು. ನನ್ನನ್ನು ತರಿಸಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮುಂಚೆ ಪೊಲೀಸಿನವನು ಕೆಂಪಾಜಮ್ಮನಿಗೆ ಓದಿ ಹೇಳಿದ: “ಮೃತನು ಕಪ್ಪು ಕಂಬಳಿ ಹೊದ್ದು ಪೊದೆಯಲ್ಲಿ ಬಗ್ಗಿದ್ದು, ಕಡವೆಯೆಂದು ಭ್ರಮಿಸಿ ಹಾರಿಸಿದ ಒಂದು ಗುಂಡು ಸದರಿ ಕಂಬಳಿಯನ್ನು ತೂರಿ ಎದೆಗೆ ತಗುಲಿ…” ಅವಳಿಗೆ ಓದು ಬರುವುದಿಲ್ಲ. ಆದರೆ ಕೇಳಿದ ಮಾತು ಮರೆಯುವವಳಲ್ಲ.

ಹೆಣ ಮಣ್ಣಾಗಿ ಮೂರು ದಿನ ಅವಳು ನನ್ನನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಅಂಗಳಕ್ಕೆ ತಂದು ಕೊಡವಿ, ಸೂರ್ಯನಿಗೆ ಎದುರಾಗಿ ಎತ್ತಿ ಹಿಡಿದಳು. ಗಂಡನ ಪ್ರಾಣ ಯಾವ ದಾರಿಯಲ್ಲಿ ಹೋಯಿತೆಂದು ನೋಡಬೇಕಾಗಿತ್ತು ಅವಳಿಗೆ. ಮೇಲಿನಿಂದ ಕೆಳಗೆ ನೋಡಿದಳು, ತಿರುಗಿಸಿ ನೋಡಿದಳು, ಕೊನೆಗೆ ನೆಲಕ್ಕೆ ಹಾಸಿ ಗೇಣುಗೇಣು ಬೆರಳಾಡಿಸಿದಳು. ರಕ್ತದ ಕಲೆ ಇತ್ತು. ತೂತು ಇರಲಿಲ್ಲ.

ಅವಳ ಬೆರಳು ನನ್ನ ಉಣ್ಣೆಯೊಳಗೆ ನಿಧಾನವಾಗಿ ಬಿಗಿಯಾದವು. ಅಳುವವರ ಬೆರಳಿನ ಹಿಡಿತ ನನಗೆ ಗೊತ್ತು. ಇದು ಅದಲ್ಲ.

“ಹೊದ್ದೇ ಇರ್ಲಿಲ್ಲ ನೀನು,” ಎಂದಳು, ಗಂಡ ಎದುರಿಗೆ ಕೂತಿದ್ದಾನೆ ಎನ್ನುವ ಹಾಗೆ. “ನಿನ್ನ ಮೊಕ ನೋಡೇ ಹೊಡ್ದವ್ನೆ ಅವ್ನು.”

ಇತ್ತ ಊರಿನ ಬಾಯಿಗೆ ಕೆಲಸ ಸಿಕ್ಕಿತ್ತು. ಮೊದಲ ವಾರ, ಕೆಂಡಗಣ್ಣ ಕಂಬಳಿ ಹೊದ್ದು ಬಗ್ಗಿದ್ದನಂತೆ ಎಂದರು. ಎರಡನೆಯ ವಾರ ಅವನ ತಲೆಗೆ ಕೊಂಬು ಬಂತು: ಸಾಹೇಬರನ್ನು ಮೋಸ ಮಾಡಲು ಕಡವೆಯ ಕೊಂಬು ಕಟ್ಟಿಕೊಂಡು ಕಡವೆಯಂತೆ ಕೂಗುತ್ತಿದ್ದನಂತೆ. ತಿಂಗಳಾಗುವಷ್ಟರಲ್ಲಿ ಅವನು ಮನುಷ್ಯನೇ ಆಗಿ ಉಳಿಯಲಿಲ್ಲ. ಅವನಿಗೆ ರೂಪ ಬದಲಿಸುವ ವಿದ್ಯೆ ಗೊತ್ತಿತ್ತಂತೆ. ಗುಂಡು ಬಿದ್ದದ್ದು ನಿಜವಾದ ಕಡವೆಗೇ, ಅದು ಸಾಯುವಾಗ ಕೆಂಡಗಣ್ಣನಾಯಿತಂತೆ. ಡಿಪೋದ ಮುಂದಿನ ಚಹಾ ಅಂಗಡಿಯಲ್ಲಿ ಇದನ್ನು ಹೇಳಿದವರಿಗೆ ಕಾಂತರಾಜಯ್ಯನ ಲೆಕ್ಕದಲ್ಲಿ ಚಹಾ ಬರುತ್ತಿತ್ತು. ಆ ಹೊತ್ತು ತಿರುವಿನಾಚೆ ತಮಟೆ ಬಡಿಯುತ್ತಿದ್ದವರು ಕೂಡ, ತಾವು ಕಣ್ಣಾರೆ ಕೊಂಬು ನೋಡಿದ್ದಾಗಿ ಹೇಳತೊಡಗಿದರು.

ಕೆಂಪಾಜಮ್ಮ ನೀರಿನ ಬಾವಿಯ ಹತ್ತಿರ ಒಂದೇ ಮಾತು ಹೇಳಿದಳು: “ಕಂಬ್ಳಿಲಿ ತೂತಿಲ್ಲ.”

ಆ ಮಾತು ಸಂಜೆಯೊಳಗೆ ಡಿಪೋ ತಲುಪಿತು. ಮೂರನೆಯ ದಿನ ಅವಳು ಕಳೆ ಕೀಳಲು ಹೋಗಿದ್ದಾಗ ಗುಡಿಸಲಿನ ತಟ್ಟಿ ಸರಿಸಿ ಒಳಗೆ ಬಂದವನು ಗುಮಾಸ್ತ ಶಿಂಗ್ರಯ್ಯ. ಬಡಕಲು ಮನುಷ್ಯ. ಅಡ್ಡಗಂಬದ ಮೇಲಿದ್ದ ನನ್ನನ್ನು ಇಳಿಸಿಕೊಂಡು ಡಿಪೋದ ಉಗ್ರಾಣಕ್ಕೆ ಒಯ್ದ. ಅಲ್ಲಿ ಕಾಂತರಾಜಯ್ಯ ಕೋವಿಯೊಂದಿಗೆ ಕಾದಿದ್ದ.

“ಬೇಗ. ಆ ಹೊಟ್ಟಿನ ಮೂಟೆ ಮೇಲೆ ಹಾಕು,” ಎಂದ.

ಶಿಂಗ್ರಯ್ಯ ಬರವಣಿಗೆಯ ಮನುಷ್ಯ, ಒಪ್ಪ ಓರಣದವನು. ಏನನ್ನೇ ಆಗಲಿ ಮಡಿಸದೆ ಇಡುವ ಅಭ್ಯಾಸವೇ ಅವನಿಗಿರಲಿಲ್ಲ. ನನ್ನನ್ನು ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ನೀಟಾಗಿ ಮಡಿಸಿ ಮೂಟೆಯ ಮೇಲೆ ಇಟ್ಟ. ಕಾಂತರಾಜಯ್ಯನಿಗೆ ಅದನ್ನು ನೋಡುವ ತಾಳ್ಮೆ ಎಲ್ಲಿತ್ತು? ಒಂದು ಮೊಳ ದೂರದಿಂದ ಗುಂಡು ಹೊಡೆದ. ಉಣ್ಣೆ ಸುಟ್ಟ ವಾಸನೆ ಉಗ್ರಾಣ ತುಂಬಿತು. ನೋವು ಎಂದರೆ ಏನೆಂದು ನನಗೆ ಅವತ್ತು ಗೊತ್ತಾಯಿತು. ಇವನನ್ನು ಬಿಡಬಾರದು ಎಂಬುದೂ ಅವತ್ತೇ ನನ್ನ ಮೈಗೆ ಹತ್ತಿತು.

ಮರುದಿನ ಮಧ್ಯಾಹ್ನ ಶಿಂಗ್ರಯ್ಯ ನನ್ನನ್ನು ಗುಟ್ಟಾಗಿ ತಂದು ಮತ್ತೆ ಅಡ್ಡಗಂಬದ ಮೇಲಿಟ್ಟು ಹೋದ. ಒಂದು ದಿನವೆಲ್ಲ ಹುಡುಕಿ ಸೋತಿದ್ದ ಕೆಂಪಾಜಮ್ಮ ನನ್ನನ್ನು ಕಂಡವಳೇ ಕೆಳಗೆಳೆದು ಬಿಚ್ಚಿದಳು. ತೂತು ನೋಡಿದಳು. ಇನ್ನೊಂದು ನೋಡಿದಳು. ಎಲ್ಲ ನೋಡಿದ ಮೇಲೆ, ಗಂಡ ಸತ್ತಂದಿನಿಂದ ಮೊದಲ ಸಲ, ನಕ್ಕಳು. ಮತ್ತೆ ಎಂದೂ ಯಾರೂ ನಗಬಾರದಂಥ ನಗು ಅದು. ನನ್ನನ್ನು ಮಡಿಸಿ, ಹಳೆಯ ಸೀರೆಯಲ್ಲಿ ಸುತ್ತಿ, ತಲೆದಿಂಬಿನ ಕೆಳಗೆ ಇಟ್ಟಳು.

ಕಾಂತರಾಜಯ್ಯ ಈಗ ಧೈರ್ಯವಾಗಿ ಸಾರಿದ: “ಕಂಬಳಿಯಲ್ಲಿ ತೂತು ಇದೆ. ಅನುಮಾನ ಇದ್ದವರು ಹೋಗಿ ನೋಡಿ.” ಜನ ಬಂದರು. ಕೆಂಪಾಜಮ್ಮ ಯಾರಿಗೂ ತೋರಿಸಲಿಲ್ಲ. “ತೂತದೆ, ಅದ್ಕೇ ಬಚ್ಚಿಟ್ಟವ್ಳೆ,” ಎಂದರು. ಸುಳ್ಳಿ ಎಂದರು. ಬಾವಿಯ ಹತ್ತಿರ ಅವಳು ಹೋದರೆ ಮಾತು ನಿಲ್ಲುತ್ತಿತ್ತು. ಗಂಡ ಕಡವೆಯಾದದ್ದು ಅವಳ ಮಾಟದಿಂದ ಎಂಬ ಸುದ್ದಿಯೂ ಹುಟ್ಟಿತು. ನಾಲ್ಕು ಜನರ ಮುಂದೆ ನನ್ನನ್ನು ಬಿಚ್ಚಿದ್ದರೆ ಅವತ್ತೇ ಬಾಯಿ ಮುಚ್ಚಿಸಬಹುದಿತ್ತು. ಅವಳು ಬಿಚ್ಚಲಿಲ್ಲ. ನಾಲ್ಕು ಜನರ ಬಾಯಲ್ಲ ಅವಳಿಗೆ ಬೇಕಾಗಿದ್ದದ್ದು. ಕಾಂತರಾಜಯ್ಯನೇ, ಎಲ್ಲರೆದುರು, ತನ್ನ ಬಾಯಿಂದಲೇ ಹೇಳಬೇಕಿತ್ತು. ಆ ದಿನಕ್ಕಾಗಿ ಐದು ತಿಂಗಳು ಕಾದಳು. ದಿನವೂ ಮಲಗುವ ಮುಂಚೆ ದಿಂಬಿನ ಕೆಳಗೆ ಕೈ ತೂರಿಸಿ ನಾನಿದ್ದೇನೆಯೇ ಎಂದು ನೋಡಿಕೊಳ್ಳುತ್ತಿದ್ದಳು.

ತಾಲ್ಲೂಕು ಬೋರ್ಡಿನ ಚುನಾವಣೆ ಬಂತು. ಕಾಂತರಾಜಯ್ಯ ನಿಂತ. ಆ ಸಾವಿನ ಕಲೆ ತೊಳೆದುಕೊಳ್ಳಬೇಕಿತ್ತಲ್ಲ. ಬಡವರಿಗೆ ಕಂಬಳಿ ಹಂಚುತ್ತೇನೆ ಎಂದು ಡಂಗುರ ಹೊಡೆಸಿದ. ಡಿಪೋದ ಮುಂದೆ ಚಪ್ಪರ ಹಾಕಿದರು. ಸುತ್ತಲ ಏಳು ಹಳ್ಳಿಯ ಜನ ಸಾಲು ನಿಂತರು. ಗಲಾಟೆಯಾಗದಿರಲೆಂದು ಹೊಸದಾಗಿ ವರ್ಗವಾಗಿ ಬಂದಿದ್ದ ಸಬ್ ಇನ್ಸ್‌ಪೆಕ್ಟರ್ ಕೂಡ ಬಂದು ಕುರ್ಚಿಯಲ್ಲಿ ಕೂತಿದ್ದರು. ಕೆಂಪಾಜಮ್ಮ ನನ್ನನ್ನು ಮಡಿಕೆಯಾಗಿ ಕಂಕುಳಲ್ಲಿ ಇಟ್ಟುಕೊಂಡು ಸಾಲಿನಲ್ಲಿ ನಿಂತಳು. ಅವಳ ಎದೆ ಬಡಿತ ನನಗೆ ಕೇಳುತ್ತಿತ್ತು. ಜೋರಾಗಿರಲಿಲ್ಲ, ನೆಮ್ಮದಿಯಾಗಿತ್ತು.

ಅವಳ ಸರದಿ ಬಂದಾಗ ಕಾಂತರಾಜಯ್ಯ ಹೊಸ ಕಂಬಳಿಯೊಂದನ್ನು ಎತ್ತಿಕೊಂಡ. ಆಮೇಲೆ ಎಲ್ಲರಿಗೂ ಕೇಳುವಂತೆ, “ಬಾ ಕೆಂಪಾಜಮ್ಮ. ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ. ಹೊಸದು ತಗೋ, ಆ ತೂತಿನ ಕಂಬಳಿ ಬಿಸಾಕು,” ಎಂದ.

“ತೂತು ಅದೆ ಅಂತೀರಾ ಬುದ್ಧಿ?”

“ಇದೆ. ಊರಿಗೆಲ್ಲ ಗೊತ್ತು.”

“ನಮ್ಮೋರ್ಗೆ ತಗುಲಿದ್ ಗುಂಡಿಂದೇಯಾ?”

“ಮತ್ತಿನ್ಯಾವುದರದು?”

“ಎಷ್ಟ್ ಗುಂಡು ಹೊಡುದ್ರಿ ಬುದ್ಧಿ ಆವತ್ತು?”

“ಒಂದೇ,” ಎಂದ ಅವನು, ತಾಳ್ಮೆಗೆಟ್ಟು. “ಮಹಜರಿನಲ್ಲಿ ಬರೆದಿದೆ. ಒಂದೇ ಗುಂಡು.”

ಕೆಂಪಾಜಮ್ಮ ನನ್ನ ಎರಡು ಮೂಲೆ ಹಿಡಿದು ಕೊಡವಿದಳು. ನಾನು ಪೂರ್ತಿ ಬಿಚ್ಚಿಕೊಂಡೆ. ಚಪ್ಪರದ ಅಂಚಿನ ಬಿಸಿಲು ನನ್ನ ಮೈಯಿಂದ ನಾಲ್ಕು ಕಡೆ ತೂರಿ ನೆಲದ ಮೇಲೆ ಬಿತ್ತು. ಮೇಲೆ ಎರಡು, ಕೆಳಗೆ ಎರಡು, ಅಳತೆ ಹಿಡಿದು ಇಟ್ಟಂತೆ.

“ಎಣಿಸ್ರಪ್ಪಾ,” ಎಂದು ಅವಳು ಸಾಲಿನ ಕಡೆ ತಿರುಗಿದಳು. “ಒಂದು ಗುಂಡು. ನನ್ ಗಂಡುನ್ ಎದೇಲಿ ಒಂದು ಗಾಯ. ಕಂಬ್ಳಿಲಿ ನಾಕು ತೂತು. ಹೆಂಗ್ ಹೊದ್ದಿದ್ದ ಹೇಳಿ ಬುದ್ಧಿ, ನೀವೇ ಹೊದ್ಕಂಡು ತೋರ್ಸಿ!”

ಹೇಳುತ್ತಲೇ ನನ್ನನ್ನು ಅವನ ಹೆಗಲ ಮೇಲೆ ಎಸೆದಳು. ಒಂದು ತೂತು ಎದೆಗೆ ಬಂದರೆ ಇನ್ನೊಂದು ಬೆನ್ನಿಗೆ ಹೋಯಿತು, ಮತ್ತೆರಡು ಮೊಣಕಾಲಿನ ಹತ್ತಿರ ನೇತಾಡಿದವು. ನಾನು ಬಿದ್ದುಹೋಗದೆ ಅವನ ಕತ್ತಿಗೆ ಗಟ್ಟಿಯಾಗಿ ಅಂಟಿಕೊಂಡೆ. ಅವನ ಬೆವರು ನನಗೆ ತಾಗಿತು. ನನ್ನ ಒರಟು ಉಣ್ಣೆ ಅವನ ಕತ್ತನ್ನು ಎಷ್ಟು ಚುಚ್ಚಬಹುದೋ ಅಷ್ಟೂ ಚುಚ್ಚಲಿ ಎಂದು ಬಯಸಿದೆ. ಅವನು ನನ್ನನ್ನು ಕಿತ್ತು ನೆಲಕ್ಕೆ ಹಾಕಿ, “ಹುಚ್ಚಿ ಇವಳು! ಹೊರಗೆ ಹಾಕ್ರೋ!” ಎಂದು ಕೂಗಿದ.

ಯಾರೂ ಮುಂದೆ ಬರಲಿಲ್ಲ. ಸಬ್ ಇನ್ಸ್‌ಪೆಕ್ಟರ್ ಎದ್ದು ಬಂದು ನನ್ನನ್ನು ಎತ್ತಿಕೊಂಡರು. ತೂತಿಗೆ ಬೆರಳು ಹಾಕಿ ನೋಡಿದರು, ಸುತ್ತಲ ಸುಟ್ಟ ಉಣ್ಣೆಯನ್ನು ಮೂಸಿದರು. “ಮಹಜರಿನಲ್ಲಿ ನಲವತ್ತು ಮಾರು ದೂರ ಅಂತಿದೆ. ಅಷ್ಟು ದೂರದ ಗುಂಡು ಉಣ್ಣೆ ಸುಡೋದಿಲ್ಲವಲ್ಲ ಕಾಂತರಾಜಯ್ಯನವರೇ,” ಎಂದರು. ನನ್ನನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮಡಿಸಿದರು. ನಾಲ್ಕು ತೂತೂ ಒಂದಾದವು.

ಆಗ ಕಂಬಳಿ ರಾಶಿಯ ಹಿಂದೆ ನಿಂತಿದ್ದ ಶಿಂಗ್ರಯ್ಯ ಮುಂದೆ ಬಂದ. ಕೈ ಮುಗಿದು, “ಮಡಿಸಿದ್ದು ನಾನೇ ಸ್ವಾಮಿ. ಬಂಡೆ ಮೇಲೂ ಇದ್ದೆ. ಕೆಂಡಗಣ್ಣ ಕಂಬಳಿ ಹೊದ್ದಿರಲಿಲ್ಲ. ಸಾಹೇಬರು ನಗಾಡಿದ್ರು ಅಂತ ಇವರು ಹೊಡೆದುಬಿಟ್ರು,” ಎಂದ.

ಜನ ಅವನಿಗೆ ಅಯ್ಯೋ ಎಂದರು. ಕೆಂಪಾಜಮ್ಮ ಅನ್ನಲಿಲ್ಲ. “ಇಷ್ಟ್ ದಿನ ಎಲ್ಲಿತ್ತಯ್ಯಾ ಈ ಬಾಯಿ?” ಎಂದಳು, ಅಷ್ಟೆ. ಹೊಸ ಕಂಬಳಿ ಪಡೆದಿದ್ದವರು ಒಬ್ಬೊಬ್ಬರಾಗಿ ಬಂದು ಅದನ್ನು ಚಪ್ಪರದ ಕೆಳಗೆ ಬಿಟ್ಟು ಹೋದರು. ಅವರ ಕಡೆಗೂ ಅವಳು ತಿರುಗಿ ನೋಡಲಿಲ್ಲ.

ಮೈಸೂರಿನ ನ್ಯಾಯಾಲಯದಲ್ಲಿ ನನ್ನನ್ನು ಮೊಳೆಗೆ ತೂಗುಹಾಕಿ ಎಲ್ಲರಿಗೂ ತೋರಿಸಿದರು. ಕಾಂತರಾಜಯ್ಯನ ವಕೀಲರು ಇಲಿ ಕಡಿದಿರಬಹುದು ಎಂದಾಗ ಕಟಕಟೆಯ ಆಚೆ ಜನ ನಕ್ಕರು. ದೊಡ್ಡ ಸಾಹೇಬರು, ತಾವು ಆ ಹೊತ್ತಿಗೆ ಸಿಗರೇಟು ಹಚ್ಚಿಕೊಳ್ಳುತ್ತಿದ್ದುದರಿಂದ ಏನೂ ಕಾಣಲಿಲ್ಲ ಎಂದರು. ಆದರೂ ಶಿಂಗ್ರಯ್ಯನ ಮಾತು ಮತ್ತು ನನ್ನ ಮೈ ಸಾಕಾಯಿತು. ಕಾಂತರಾಜಯ್ಯನಿಗೆ ಹತ್ತು ವರ್ಷ ಸಜೆಯಾಯಿತು. ತೀರ್ಪು ಓದುವಾಗ ಕೆಂಪಾಜಮ್ಮ ನ್ಯಾಯಾಧೀಶರನ್ನು ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು, ಒಂದು ಗೆರೆಯೂ ತಪ್ಪಿಹೋಗಬಾರದು ಎನ್ನುವಂತೆ.

ಆಮೇಲೆ ನನ್ನ ಪಾಲಿಗೆ ಬಂದದ್ದು ನ್ಯಾಯಾಲಯದ ಹಿಂದಿನ ಮುದ್ದೆಮಾಲಿನ ಕೊಠಡಿ. ಮೊಕದ್ದಮೆಗಳಲ್ಲಿ ಸಾಕ್ಷಿಯಾದ ವಸ್ತುಗಳೆಲ್ಲ ಇಲ್ಲಿ ಬಂದು ಬೀಳುತ್ತವೆ. ನನ್ನ ಒಂದು ಪಕ್ಕ ತುಕ್ಕು ಹಿಡಿದ ಮಚ್ಚು, ಇನ್ನೊಂದು ಪಕ್ಕ ಚಕ್ರವಿಲ್ಲದ ಸೈಕಲ್ಲು. ನನ್ನ ಮೂಲೆಗೆ ದಾರ ಕಟ್ಟಿ ಒಂದು ಚೀಟಿ ತೂಗುಬಿಟ್ಟಿದ್ದಾರೆ. ಅದರಲ್ಲಿ ಕಾಂತರಾಜಯ್ಯನ ಹೆಸರು, ಅವನ ಅಪರಾಧ. ನುಸಿ ನನ್ನನ್ನು ತಿನ್ನುತ್ತಿದೆ. ಹೊಸ ತೂತುಗಳೂ ಬಿದ್ದಿವೆ. ಅವಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ.

ಮೇಲಿನ ಕೋರ್ಟಿನ ಅಪೀಲೂ ಮುಗಿದು, ಎಷ್ಟೋ ವರ್ಷದ ಮೇಲೆ ಒಂದು ದಿನ ಕೊಠಡಿಯ ಬೀಗ ತೆಗೆಯಿತು. ಕೋರ್ಟಿನ ಗುಮಾಸ್ತನ ಹಿಂದೆ ಕೆಂಪಾಜಮ್ಮ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಾಂತರಾಜಯ್ಯ ಜೈಲಿನಿಂದ ಬಿಡುಗಡೆಯಾಗಿ, ಊರಿಗೆ ಮುಖ ತೋರಿಸಲಾಗದೆ, ಯಾವುದೋ ಪೇಟೆಯಲ್ಲಿ ಸತ್ತಿದ್ದನಂತೆ. ಹುಲ್ಲೇಮಾಳದಲ್ಲಿ ಮಾತ್ರ ಕೆಂಡಗಣ್ಣ ಇನ್ನೂ ಕಡವೆಯಾಗಿ ತಿರುಗುತ್ತಿದ್ದಾನಂತೆ. ನಿಜ ಹೊರಬಿದ್ದರೂ ಆ ಕಥೆ ಸಾಯಲಿಲ್ಲ. ಇದನ್ನೆಲ್ಲ ಅವಳು ಗುಮಾಸ್ತನಿಗೆ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು.

“ನಿಮ್ಮ ವಸ್ತು ಕಣಮ್ಮ. ಇಲ್ಲಿ ಹೆಬ್ಬೆಟ್ಟು ಒತ್ತಿ, ತಗೊಂಡು ಹೋಗಿ,” ಎಂದ ಅವನು.

ಅವಳು ನನ್ನನ್ನು ಮಡಿಲಿಗೆ ಎಳೆದುಕೊಂಡಳು. ಮುಖ ಒತ್ತಿದಳು. ಬೆರಳು ನೇರವಾಗಿ ಒಳಮೈಗೆ ಹೋಗಿ, ಕಪ್ಪಾಗಿ ಗಟ್ಟಿಯಾಗಿದ್ದ ಆ ಕಲೆಯ ಮೇಲೆ ನಿಂತಿತು. ಕರೆದುಕೊಂಡು ಹೋಗು, ಎಂದು ನಾನು ಎಷ್ಟು ಬೇಡಿಕೊಂಡೆನೆಂದು ಹೇಳಲಾರೆ. ನನಗೆ ಸೇಡು ಸಾಕಾಗಿತ್ತು. ಮತ್ತೆ ಯಾರಿಗಾದರೂ ಬೆಚ್ಚಗಿರಬೇಕು ಎನಿಸಿತ್ತು.

ಆಮೇಲೆ ಅವಳು ನನ್ನನ್ನು ಮೆಲ್ಲಗೆ ಕಪಾಟಿನ ಮೇಲೆ ಇಟ್ಟಳು.

“ಇಲ್ಲೇ ಇರ್ಲಿ ಸ್ವಾಮಿ.”

“ಯಾಕಮ್ಮ? ಇಷ್ಟು ದೂರ ಬಂದಿದ್ದೀರಿ.”

“ಮನೆಗ್ ತಕ್ಕೊಂಡೋದ್ರೆ ಒಗೀಬೇಕಾಯ್ತದೆ,” ಎಂದಳು ಕೆಂಪಾಜಮ್ಮ.

ಬೀಗ ಬಿತ್ತು. ಅವಳ ಹೆಜ್ಜೆ ದೂರವಾಗುವವರೆಗೂ ಕೇಳಿಸಿಕೊಂಡೆ. ನನಗೆ ಅವಳ ಮೇಲೆ ಸಿಟ್ಟು ಬಂತು, ಆಮೇಲೆ ಹೋಯಿತು. ಈ ಲೋಕದಲ್ಲಿ ಕೆಂಡಗಣ್ಣನದೆಂದು ಉಳಿದಿರುವುದು ಆ ಕಲೆಯೊಂದೇ. ಅದನ್ನು ನೀರಿಗೆ ಹಾಕು ಎಂದು ಅವಳಿಗೆ ಯಾವ ಬಾಯಲ್ಲಿ ಹೇಳಲಿ?